ನಲವತ್ತರಲ್ಲಿ ಇಪ್ಪತ್ತೈದು

ಹಣದ ಮಾತನ್ನು ನಾಲ್ವರ ನಡುವೆ ಆಡಬಾರದೆಂದು ನಮ್ಮ ತಂದೆಯವರು ಹೇಳುತ್ತಿದ್ದರು. ಅವರು ಶಿವಮೊಗ್ಗೆಯ ಬಳಿ ಮಿಡಲ್ ಸ್ಕೂಲಿನ ಮೇಷ್ಟರಾಗಿದ್ದವರು. ಸಂಬಳವೆಷ್ಟೆಂದು ಯಾರಾದರೂ ಕೇಳಿದರೆ "ಸಾಲುತ್ತದೆ" ಎಂದಷ್ಟೇ ಹೇಳಿ ಮಳೆಬೆಳೆಯ ಮಾತನ್ನೆತ್ತುವರು. ಆ ಉಪದೇಶವನ್ನು ಇಷ್ಟು ವರ್ಷ ಪಾಲಿಸಿಕೊಂಡು ಬಂದವನು ಇಂದು ಮುರಿಯುತ್ತಿದ್ದೇನೆ. ತಪ್ಪು ನನ್ನದಲ್ಲ, ಈ ಪತ್ರಿಕೆಯ ಸಂಪಾದಕರದು. ಅವರು ನನ್ನ ಸಹಪಾಠಿಗಳು. "ಕೆನಡಾದ ಹಿಮ, ಜಲಪಾತ, ಮೇಪಲ್ ಎಲೆಗಳ ವರ್ಣನೆ ನಮ್ಮಲ್ಲಿ ಬೇಕಾದಷ್ಟು ಬಂದಾಗಿದೆ. ಅಲ್ಲಿ ಮನುಷ್ಯನು ಮುದುಕನಾಗುವುದು ಹೇಗೆ, ದುಡಿಮೆ ನಿಂತ ಮೇಲೆ ಉಣ್ಣುವುದು ಹೇಗೆ, ಅದನ್ನು ಬರೆ" ಎಂದು ಕಾಗದ ಹಾಕಿದ್ದಾರೆ. ಆಗಲಿ. ಆದರೆ ನನ್ನ ವರಮಾನದ ಅಂಕಿಗಳನ್ನು ಪೂರ್ತಿಯಾಗಿ ಬರೆಯಲಾರೆ. ತಂದೆಯವರ ಮಾತು ಅಷ್ಟಾದರೂ ಉಳಿಯಲಿ. ಬರೆಯಬಹುದಾದುದು ಒಂದು ಭಿನ್ನರಾಶಿಯ ಕಥೆ.

ನಾನಿರುವುದು ವಿನಿಪೆಗ್ ನಗರದಲ್ಲಿ. ಊರಿನ ನಡುವೆ ರೆಡ್ ಮತ್ತು ಅಸಿನಿಬೋಯಿನ್ ಎಂಬ ಎರಡು ನದಿಗಳು ಕೂಡುತ್ತವೆ. ಕೂಡಲಿಯಲ್ಲಿ ತುಂಗೆಯೂ ಭದ್ರೆಯೂ ಕೂಡುವುದನ್ನು ನೋಡಿ ಬೆಳೆದವನಿಗೆ ಇದು ಮೊದಲ ದಿನವೇ ಸಮಾಧಾನ ಕೊಟ್ಟಿತು. ಡಿಸೆಂಬರಿನಲ್ಲಿ ಅದೇ ಸಂಗಮದ ಮೇಲೆ ಜನರು ಜಾರುಮೆಟ್ಟು ತೊಟ್ಟು ಓಡಾಡುವುದನ್ನು ಕಂಡಾಗ ಆ ಸಮಾಧಾನ ಹೋಯಿತು. ನಾವು ಇಲ್ಲಿಗೆ ಬಂದದ್ದು 1996ನೆಯ ಇಸವಿ ಆಗಸ್ಟಿನಲ್ಲಿ. ನನಗೆ ಮೂವತ್ತೊಂಬತ್ತು, ನನ್ನಾಕೆಗೆ ಮೂವತ್ತಾರು, ಮಗಳಿಗೆ ಎರಡು. ನಾನು ಊರಿನಲ್ಲಿ ಪಾಲಿಟೆಕ್ನಿಕ್ಕಿನಲ್ಲಿ ಪಾಠ ಹೇಳುತ್ತಿದ್ದವನು. ಇಲ್ಲಿ ಯಂತ್ರಭಾಗಗಳ ಕಾರ್ಖಾನೆಯೊಂದರಲ್ಲಿ ನಕ್ಷೆಗಳನ್ನು ತಿದ್ದುವ ಕೆಲಸ ಸಿಕ್ಕಿತು. ಕೆಲವು ವರ್ಷಗಳ ತರುವಾಯ ಆಕೆಗೂ ಶಾಲೆಯೊಂದರ ಪುಸ್ತಕಭಂಡಾರದಲ್ಲಿ ಅರೆಹೊತ್ತಿನ ಕೆಲಸ ದೊರೆಯಿತು. ಮುಪ್ಪಿನ ಯೋಚನೆ ಆಗ ನಮಗೆ ಬರಲಿಲ್ಲ. ಮೂವತ್ತೊಂಬತ್ತರಲ್ಲಿ ಹೊಸದಾಗಿ ಸಂಸಾರ ಹೂಡಿದವನು ತಾನು ಇಪ್ಪತ್ತರವನೆಂದೇ ಭಾವಿಸುತ್ತಾನೆ.

ಈ ದೇಶದಲ್ಲಿ ಮುದುಕರ ಜೀವನ ಮೂರು ಅಂತಸ್ತಿನ ಮನೆಯಂತೆ ಕಟ್ಟಲ್ಪಟ್ಟಿದೆ. ನೆಲದಂತಸ್ತು ಓಲ್ಡ್ ಏಜ್ ಸೆಕ್ಯೂರಿಟಿ ಎಂಬ ವೃದ್ಧಾಪ್ಯ ವೇತನ. ಇದಕ್ಕೆ ನೀವು ದುಡಿದಿರಬೇಕೆಂಬ ನಿಯಮವಿಲ್ಲ, ವಂತಿಗೆ ಕಟ್ಟಿರಬೇಕೆಂಬುದಿಲ್ಲ; ಸರಕಾರದ ಸಾಮಾನ್ಯ ಬೊಕ್ಕಸದಿಂದಲೇ ಬರುತ್ತದೆ. ನೀವು ಇಲ್ಲಿ ವಾಸವಾಗಿದ್ದರೆ ಸಾಕು. ನಡುವಿನ ಅಂತಸ್ತು ಕೆನಡಾ ಪೆನ್ಷನ್ ಪ್ಲಾನ್. ಇದು ದುಡಿದವರದು, ಸಂಬಳದಿಂದ ಒಂದು ಪಾಲು ಹಿಡಿಯುತ್ತಾರೆ, ಅಷ್ಟನ್ನೇ ಯಜಮಾನನೂ ಹಾಕುತ್ತಾನೆ. ಕ್ವಿಬೆಕ್ ಪ್ರಾಂತದವರು ಮಾತ್ರ ತಮ್ಮದೇ ಬೇರೆ ಏರ್ಪಾಡು ಮಾಡಿಕೊಂಡಿದ್ದಾರೆ. ಅವರು ಎಲ್ಲದರಲ್ಲಿಯೂ ಹಾಗೆಯೇ. ಮೇಲಿನ ಅಂತಸ್ತು ಅವರವರ ಉಳಿತಾಯ, ಕೆಲಸ ಕೊಟ್ಟ ಕಂಪೆನಿಯಿಂದ ಬರುವ ಪೆನ್ಷನ್ ಏನಾದರೂ ಇದ್ದರೆ ಅದು. ಕೆಳಗಿನ ಅಂತಸ್ತಿನಲ್ಲಿ ಮಾತ್ರ ಇರುವ ಬಡವರಿಗೆ 1967ರಿಂದ ಇನ್ನೊಂದು ಪೂರಕ ಭತ್ಯವೂ ಸಲ್ಲುತ್ತಿದೆ.

ನನಗೆ ಅರವತ್ತೈದು ತುಂಬಿದ್ದು 2022ರ ಜೂನಿನಲ್ಲಿ. ಮರುತಿಂಗಳಿನಿಂದಲೇ ವೇತನ ಬೇಕೆಂದು ಅರ್ಜಿ ಹಾಕಿದ್ದೆನು. ಸರಕಾರದ ಕಾಗದ ಬಂದಿತು. ಒಕ್ಕಣೆ ಬಹಳ ಸೌಜನ್ಯದ್ದು. ಪೂರ್ಣ ವೇತನಕ್ಕೆ ಹದಿನೆಂಟರ ವಯಸ್ಸಿನ ಮೇಲೆ ನಲವತ್ತು ವರ್ಷಗಳ ವಾಸ ಬೇಕು, ತಮ್ಮದು ಇಪ್ಪತ್ತೈದು, ಆದಕಾರಣ ತಮಗೆ ನಲವತ್ತರಲ್ಲಿ ಇಪ್ಪತ್ತೈದು ಭಾಗ. ನಾನು ಅದನ್ನು ಓದಿ, ಇರಲಿ, ನ್ಯಾಯವೇ ಎಂದುಕೊಂಡು ಮೇಜಿನ ಮೇಲಿಟ್ಟೆನು. ಸಂಜೆ ನನ್ನಾಕೆ ಅದನ್ನು ಎತ್ತಿಕೊಂಡು ಕನ್ನಡಕ ಹಾಕಿಕೊಂಡಳು.

"ನಾವು ಬಂದದ್ದು ಆಗಸ್ಟಿನಲ್ಲಲ್ಲವೆ?" ಎಂದಳು.

"ಹೌದು."

"ಹಾಗಾದರೆ ಇನ್ನೆರಡು ತಿಂಗಳು ತಡೆದಿದ್ದರೆ ಇಪ್ಪತ್ತಾರಾಗುತ್ತಿತ್ತು."

ನಾನು ಮಾತನಾಡಲಿಲ್ಲ. ತುಂಬಿದ ವರ್ಷಗಳನ್ನು ಮಾತ್ರ ಅವರು ಎಣಿಸುತ್ತಾರೆ. ಇಪ್ಪತ್ತೈದು ವರ್ಷ ಹತ್ತು ತಿಂಗಳು ಅವರಿಗೆ ಇಪ್ಪತ್ತೈದೇ. ಒಮ್ಮೆ ವೇತನ ಆರಂಭವಾಯಿತೆಂದರೆ ಆ ಮೇಲೆ ಇಲ್ಲಿ ಎಷ್ಟು ಕಾಲ ಬಾಳಿದರೂ ಆ ಭಾಗ ಬೆಳೆಯುವುದಿಲ್ಲ. ಆ ತ್ರೈಮಾಸಿಕದಲ್ಲಿ ಪೂರ್ಣ ವೇತನ ತಿಂಗಳಿಗೆ 666 ಡಾಲರು 83 ಸೆಂಟು. ಅದರಲ್ಲಿ ನಲವತ್ತನೆಯ ಒಂದು ಭಾಗ ಹದಿನಾರು ಡಾಲರಿಗೆ ಸ್ವಲ್ಪ ಮೇಲೆ. ಎರಡು ತಿಂಗಳ ವೇತನ ಬಿಟ್ಟಿದ್ದರೆ ಕಳೆದುಕೊಳ್ಳುತ್ತಿದ್ದುದು ಎಂಟುನೂರ ಮೂವತ್ತು ಡಾಲರಿನಷ್ಟು. ಐವತ್ತು ತಿಂಗಳಲ್ಲಿ ಅದು ಮರಳಿ ಬಂದು, ಅಲ್ಲಿಂದ ಮುಂದೆ ಸಾಯುವತನಕ ಲಾಭ. ಲೆಕ್ಕ ಮೂರನೆಯ ತರಗತಿಯದು. ಮಾಡಿದ್ದು ಪಾಲಿಟೆಕ್ನಿಕ್ಕಿನ ಉಪಾಧ್ಯಾಯನಲ್ಲ, ತಿಂಗಳ ಜಮಾಖರ್ಚನ್ನು ಇಂದಿಗೂ ಕಂದುಬಣ್ಣದ ನೋಟುಪುಸ್ತಕದಲ್ಲಿ ಬರೆಯುವ ಅವನ ಹೆಂಡತಿ. ಹದಿನಾರು ಡಾಲರು ದೊಡ್ಡದಲ್ಲ, ಒಪ್ಪುತ್ತೇನೆ. ಆದರೆ ಪ್ರತಿ ತಿಂಗಳ ಕೊನೆಗೂ ಅದು ಬರದೆ ಇರುವುದು ನನಗೆ ತಿಳಿಯುತ್ತದೆ.

ಈ ನಲವತ್ತು ಎಂಬ ಸಂಖ್ಯೆ ಎಲ್ಲಿಂದ ಬಂದಿತೆಂದು ಹುಡುಕಹೋಗಿ ನಾನು ನಮ್ಮ ಊರಿನ ಚರಿತ್ರೆಗೇ ಬಂದು ತಲಪಿದೆನು. ನಮ್ಮ ಊರೆಂದರೆ ಈ ವಿನಿಪೆಗ್. 1925ರ ಅಕ್ಟೋಬರಿನ ಚುನಾವಣೆಯಲ್ಲಿ ಕೆನಡಾದ ಯಾವ ಪಕ್ಷಕ್ಕೂ ಬಹುಮತ ಬರಲಿಲ್ಲ. ಪ್ರಧಾನಿ ಮೆಕೆಂಜಿ ಕಿಂಗ್‌ಗೆ ಒಂದೊಂದು ಓಟೂ ಬೇಕಾಗಿದ್ದಿತು. ಆಗ ವಿನಿಪೆಗ್ಗಿನಿಂದ ಆರಿಸಿಬಂದಿದ್ದ ಇಬ್ಬರೇ ಇಬ್ಬರು ಕಾರ್ಮಿಕ ಸದಸ್ಯರು, ಜೆ. ಎಸ್. ವುಡ್ಸ್‌ವರ್ತ್ ಮತ್ತು ಎ. ಎ. ಹೀಪ್ಸ್, 1926ರ ಜನವರಿಯಲ್ಲಿ ಎರಡು ಪಕ್ಷಗಳ ನಾಯಕರಿಗೂ ಕಾಗದ ಬರೆದು, ನಿರುದ್ಯೋಗಿಗಳಿಗೂ ಮುದುಕರಿಗೂ ಏನು ಮಾಡುವಿರಿ ಎಂದು ಕೇಳಿದರು. ವುಡ್ಸ್‌ವರ್ತ್ ಮೊದಲು ಮೆಥಡಿಸ್ಟ್ ಪಾದ್ರಿಯಾಗಿದ್ದು ಇದೇ ಊರಿನ ವಲಸೆಗಾರರ ಕೇರಿಯಲ್ಲಿ ಸೇವೆ ಮಾಡಿದವನು. 1919ರ ಇಲ್ಲಿನ ಮಹಾ ಮುಷ್ಕರದಲ್ಲಿ ಇಬ್ಬರೂ ಸೆರೆಯಾಗಿದ್ದವರು. ಕಿಂಗ್ ಮಾತು ಕೊಟ್ಟನು. ಕೆಳಮನೆಯಲ್ಲಿ ಮಸೂದೆ ಗೆದ್ದಿತು. ಸೆನೆಟ್ಟು ಅದನ್ನು ತಳ್ಳಿಹಾಕಿತು. ಮತ್ತೊಂದು ಚುನಾವಣೆಯಾಗಿ 1927ರಲ್ಲಿ ಕಾಯಿದೆ ಆಯಿತು. ಮಾನಿಟೋಬಾ ಪ್ರಾಂತವು 1928ರಲ್ಲಿ ಅದಕ್ಕೆ ಸೇರಿತು. ಕ್ವಿಬೆಕ್ ಸೇರಿದ್ದು 1936ರಲ್ಲಿ.

ಎಪ್ಪತ್ತು ವರ್ಷ ದಾಟಿದವರಿಗೆ ತಿಂಗಳಿಗೆ ಹೆಚ್ಚೆಂದರೆ 20 ಡಾಲರು. ಅದೂ ಬೇರೆ ವರಮಾನವನ್ನೆಲ್ಲ ಕೂಡಿಸಿ ವರ್ಷಕ್ಕೆ 365 ಡಾಲರು, ಎಂದರೆ ದಿನಕ್ಕೊಂದು ಡಾಲರು, ಮೀರದವರಿಗೆ ಮಾತ್ರ. ಅಧಿಕಾರಿಗಳು ಮನೆಗೆ ಬಂದು ವಿಚಾರಿಸುವರು. ಅರ್ಜಿದಾರನು ಬ್ರಿಟಿಷ್ ಪ್ರಜೆಯಾಗಿರಬೇಕು, ಇಪ್ಪತ್ತು ವರ್ಷ ಇಲ್ಲಿ ಇದ್ದಿರಬೇಕು. ಇದನ್ನೋದುವಾಗ ನನಗೊಂದು ವಿನೋದ ತೋರಿತು. ನಮ್ಮ ತಾತನು ಮೈಸೂರು ಸಂಸ್ಥಾನದವನು. ಸಂಸ್ಥಾನದ ಜನ ಬ್ರಿಟಿಷರ ರಕ್ಷಣೆಗೊಳಪಟ್ಟವರೇ ಹೊರತು ಬ್ರಿಟಿಷ್ ಪ್ರಜೆಗಳಲ್ಲ. ಅವನೇನಾದರೂ ಅಂದು ಇಲ್ಲಿಗೆ ಬಂದು ಮುದುಕನಾಗಿದ್ದರೆ ಬಾಗಿಲಲ್ಲಿಯೇ ತಡೆಯುತ್ತಿದ್ದರು. ವಿನೋದ ಅಲ್ಲಿಗೇ ಮುಗಿಯಿತು. ಮುಂದಿನ ಸಾಲಿನಲ್ಲಿ, ಈ ನೆಲದ ಮೂಲನಿವಾಸಿಗಳಿಗೆ, ಕಾಯಿದೆಯ ಭಾಷೆಯಲ್ಲಿ 'ಇಂಡಿಯನ್ನ'ರೆಂದು ಕರೆಯಲ್ಪಡುವವರಿಗೆ, ಈ ವೇತನ ಸಲ್ಲದೆಂದು ಬರೆದಿದ್ದಿತು. ಅವರಿಗಿಂತ ಹೆಚ್ಚು ಕಾಲ ಇಲ್ಲಿ ವಾಸ ಮಾಡಿದವರು ಯಾರಿದ್ದರು?

1951ರ ಕಾಯಿದೆ ಈ ವಿಚಾರಣೆಯನ್ನೆಲ್ಲ ತೆಗೆದುಹಾಕಿತು. 1952ರಿಂದ ಎಪ್ಪತ್ತಾದವರಿಗೆಲ್ಲ, ಬಡವನೋ ಬಲ್ಲಿದನೋ ಎಂದು ಕೇಳದೆ, ತಿಂಗಳಿಗೆ 40 ಡಾಲರು. 1966ರಿಂದ ವರ್ಷಕ್ಕೊಂದು ವರ್ಷದಂತೆ ವಯಸ್ಸು ಇಳಿದು 1970ಕ್ಕೆ ಅರವತ್ತೈದಾಯಿತು. ವಲಸೆ ಬಂದವರ ಸಂಖ್ಯೆ ಹೆಚ್ಚಿದ ಮೇಲೆ 1977ರಲ್ಲಿ ಈಗಿನ ಭಿನ್ನರಾಶಿ ಬಂದಿತು: ಹತ್ತು ವರ್ಷಕ್ಕೆ ಕಾಲುಭಾಗ, ನಲವತ್ತಕ್ಕೆ ಪೂರ್ತಿ, ನಡುವೆ ಇದ್ದವರಿಗೆ ಇದ್ದಷ್ಟು. ಹತ್ತು ತುಂಬದವರಿಗೆ ಏನೂ ಇಲ್ಲ. ಮಗನ ಆಸರೆಗೆಂದು ಅರವತ್ತಾರನೆಯ ವಯಸ್ಸಿನಲ್ಲಿ ಬಂದ ನಮ್ಮ ಕಡೆಯ ಮುತ್ತೈದೆಯೊಬ್ಬರು ನನ್ನಾಕೆಯನ್ನು, "ನನಗೆ ಯಾವಾಗ ಬರುತ್ತದಮ್ಮ?" ಎಂದು ಕೇಳಿದಾಗ ಈಕೆಗೆ ಎಪ್ಪತ್ತಾರು ಎಂದು ಹೇಳಲು ಬಾಯಿ ಬರಲಿಲ್ಲ. 2015ರ ಆಗಸ್ಟ್ 1ರಿಂದ ಭಾರತಕ್ಕೂ ಕೆನಡಾಕ್ಕೂ ಈ ವಿಷಯದಲ್ಲಿ ಒಂದು ಒಪ್ಪಂದ ನಡೆಯುತ್ತಿದೆ. ಅದು ಹತ್ತು ವರ್ಷದ ಹೊಸ್ತಿಲನ್ನು ದಾಟಲು ಕೆಲವರಿಗೆ ಕೈಹಿಡಿಯುತ್ತದೆಯೇ ಹೊರತು ಭಿನ್ನರಾಶಿಯನ್ನು ದೊಡ್ಡದು ಮಾಡುವುದಿಲ್ಲ.

ನೆಲದಂತಸ್ತಿನಲ್ಲಿ ನಾನು ಕಳೆದುಕೊಂಡದ್ದು ಎರಡು ತಿಂಗಳ ಆತುರದಿಂದ. ನಡುವಿನ ಅಂತಸ್ತಿನಲ್ಲಿ ಕಳೆದುಕೊಂಡದ್ದು ಭಯದಿಂದ, ಅದು ದೊಡ್ಡದು.

2017ರ ವಸಂತದಲ್ಲಿ ನಮ್ಮ ಕಾರ್ಖಾನೆಯವರು ನಕ್ಷೆಯ ವಿಭಾಗವನ್ನೇ ಮುಚ್ಚಿ ನಮ್ಮನ್ನು ಬೀಳ್ಕೊಟ್ಟರು. ನನಗೆ ಅರವತ್ತು ತುಂಬುವುದರಲ್ಲಿದ್ದಿತು. ಕೆನಡಾ ಪೆನ್ಷನ್ನನ್ನು ಅರವತ್ತರಿಂದ ಎಪ್ಪತ್ತರೊಳಗೆ ಯಾವಾಗ ಬೇಕಾದರೂ ತೆಗೆದುಕೊಳ್ಳಬಹುದು. ಅರವತ್ತೈದಕ್ಕಿಂತ ಮುಂಚೆ ತೆಗೆದುಕೊಂಡರೆ ತಿಂಗಳಿಗೆ ನೂರಕ್ಕೆ 0.6ರಂತೆ ಕಡಿಮೆ, ತಡಮಾಡಿದರೆ ತಿಂಗಳಿಗೆ 0.7ರಂತೆ ಹೆಚ್ಚು. ಎಂದರೆ ಅರವತ್ತಕ್ಕೆ ಕೈಚಾಚಿದವನಿಗೆ ನೂರಕ್ಕೆ 36 ಖೋತ, ಎಪ್ಪತ್ತರವರೆಗೆ ಕಾದವನಿಗೆ 42 ಲಾಭ, ಎರಡೂ ಬದುಕಿರುವವರೆಗೆ. ನಾನು ಅರವತ್ತಕ್ಕೇ ಕೈಚಾಚಿದೆನು.

ಕಾರಣವನ್ನು ಮರೆಮಾಚದೆ ಹೇಳುತ್ತೇನೆ. ನಮ್ಮ ತಂದೆ ಐವತ್ತೈದಕ್ಕೆ ನಿವೃತ್ತರಾದರು, ಅಕ್ಕನ ಮದುವೆಗೆಂದು ಪೆನ್ಷನ್ನಿನ ಒಂದು ಪಾಲನ್ನು ಒಟ್ಟಿಗೆ ಮಾರಿ ಹಣ ತೆಗೆದುಕೊಂಡರು, ಉಳಿದುದನ್ನು ಏಳು ವರ್ಷ ಉಂಡು ಅರವತ್ತೆರಡಕ್ಕೆ ತೀರಿಕೊಂಡರು. ಅವರ ತಂದೆ ಅದಕ್ಕೂ ಮೊದಲು. ನಮ್ಮ ವಂಶದಲ್ಲಿ ಗಂಡಸರಾರೂ ಎಪ್ಪತ್ತರ ಮುಖ ಕಂಡದ್ದು ನನಗೆ ನೆನಪಿಲ್ಲ. ಹೀಗಿರಲು, ಸರಕಾರದ ಹತ್ತಿರ ನನ್ನ ಹಣವನ್ನು ಬಿಟ್ಟು ಸಾಯುವುದೇಕೆ ಎಂಬುದೇ ನನ್ನ ಲೆಕ್ಕ. ಅರವತ್ತಕ್ಕೆ ತೆಗೆದುಕೊಂಡವನೂ ಅರವತ್ತೈದಕ್ಕೆ ತೆಗೆದುಕೊಂಡವನೂ ಸಮಸಮವಾಗುವುದು ಸುಮಾರು ಎಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ. ನಾನು ಎಪ್ಪತ್ತನಾಲ್ಕಕ್ಕೆ ಇರುವುದಿಲ್ಲವೆಂದು ತೀರ್ಮಾನಿಸಿ ರುಜು ಮಾಡಿದೆನು. ಈಗ ಅರವತ್ತೆಂಟು ದಾಟಿದೆ. ವೈದ್ಯರು ಪ್ರತಿವರ್ಷವೂ ನೋಡಿ ಏನೂ ಇಲ್ಲವೆಂದು ಕಳುಹಿಸುತ್ತಿದ್ದಾರೆ. ಒಳ್ಳೆಯ ಸುದ್ದಿ ಕೇಳಿ ನಷ್ಟದ ಲೆಕ್ಕ ಹಾಕುವ ದೌರ್ಭಾಗ್ಯ ಎಷ್ಟು ಜನಕ್ಕೆ ಬರುತ್ತದೆ!

ಈ ಪೆನ್ಷನ್ನಿನಲ್ಲಿಯೂ ವಲಸೆಗಾರನಿಗೆ ಒಂದು ಗುಟ್ಟಿನ ಪೆಟ್ಟು ಇದೆ. ಹದಿನೆಂಟನೆಯ ವಯಸ್ಸಿನಿಂದ ಹಿಡಿದು ಪೆನ್ಷನ್ ಆರಂಭವಾಗುವತನಕ ಎಲ್ಲ ವರ್ಷಗಳ ಗಳಿಕೆಯನ್ನೂ ಸರಾಸರಿಗೆ ಹಿಡಿಯುತ್ತಾರೆ; ಅತಿ ಕಡಿಮೆಯ ವರ್ಷಗಳಲ್ಲಿ ನೂರಕ್ಕೆ 17ರಷ್ಟನ್ನು ಬಿಡುತ್ತಾರೆ. ನನ್ನವು ನಲವತ್ತೆರಡು ವರ್ಷ; ದುಡಿದದ್ದು ಇಲ್ಲಿ ಇಪ್ಪತ್ತೊಂದು. ಅವರು ಕಳುಹಿಸಿದ ವಂತಿಗೆಯ ಪಟ್ಟಿಯನ್ನು ನೋಡಿದಾಗ, 1975ರಿಂದ 1995ರವರೆಗೆ ಒಂದರ ಕೆಳಗೊಂದು ಸೊನ್ನೆಗಳು ಸಾಲಾಗಿ ನಿಂತಿದ್ದವು. ಆ ಸೊನ್ನೆಗಳಲ್ಲಿ ನಾನು ಓದಿದ್ದೆ, ಪಾಠ ಹೇಳಿದ್ದೆ, ಮದುವೆಯಾಗಿದ್ದೆ, ತಂದೆಯವರಿಗೆ ಅಗ್ನಿಸಂಸ್ಕಾರ ಮಾಡಿದ್ದೆ. ಗುಮಾಸ್ತನ ತಪ್ಪೇನೂ ಇಲ್ಲ. ನಾನು ಆ ವರ್ಷಗಳಲ್ಲಿ ಅವರಿಗೆ ಒಂದು ಸೆಂಟನ್ನೂ ಕಟ್ಟಿರಲಿಲ್ಲವೆಂಬುದು ಸತ್ಯವೇ. ಆದರೂ ಆ ಹಾಳೆಯನ್ನು ಮಡಿಸಿಡುವಾಗ ಕೈ ಸ್ವಲ್ಪ ತಡೆಯಿತು.

ಇನ್ನು ಮೇಲಿನ ಅಂತಸ್ತು. ಇಲ್ಲಿ ದೂರಲು ನನಗೆ ಸರಕಾರವೂ ಇಲ್ಲ. ಉಳಿತಾಯ ಮಾಡುವವರಿಗೆ ಈ ದೇಶ ಎರಡು ಪೆಟ್ಟಿಗೆಗಳನ್ನು ಕೊಟ್ಟಿದೆ. ಒಂದು 1957ರಲ್ಲಿ ಬಂದ ಆರ್. ಆರ್. ಎಸ್. ಪಿ.: ಅದರಲ್ಲಿ ಹಾಕಿದ ಹಣಕ್ಕೆ ಹಾಕಿದ ವರ್ಷ ತೆರಿಗೆಯಿಲ್ಲ, ತೆಗೆದ ವರ್ಷ ಉಂಟು, ಎಪ್ಪತ್ತೊಂದು ತುಂಬಿದ ವರ್ಷದೊಳಗೆ ಅದನ್ನು ಮುಚ್ಚಿ ಕ್ರಮವಾಗಿ ತೆಗೆಯುವ ಏರ್ಪಾಡಿಗೆ ಬದಲಿಸಬೇಕು. ಎರಡನೆಯದು 2009ರಲ್ಲಿ ಬಂದ ಟಿ. ಎಫ್. ಎಸ್. ಎ.: ತೆರಿಗೆ ಕೊಟ್ಟು ಉಳಿದ ಹಣವನ್ನು ಹಾಕುವುದು, ಬೆಳೆದದ್ದಕ್ಕೆ ಮತ್ತೆ ತೆರಿಗೆಯಿಲ್ಲ. ಪೆಟ್ಟಿಗೆಗಳು ಒಳ್ಳೆಯವೇ. ಅವುಗಳೊಳಗೆ ಏನಿಡಬೇಕೆಂದು ಹೇಳಲು ಬರುವವರ ವಿಷಯದಲ್ಲಿ ಎಚ್ಚರ ಬೇಕು.

ನಮಗೆ ಹೇಳಲು ಬಂದವನು ನಮ್ಮ ಕಡೆಯವನೇ. ಅಚ್ಚ ಕನ್ನಡದಲ್ಲಿ ಮಾತನಾಡುವನು. ನನ್ನಾಕೆ ಮಾಡಿದ ಕೋಡುಬಳೆಯನ್ನು ಹೊಗಳಿ ತಿನ್ನುವನು. ಆ ಮೂವತ್ತು ಡಿಗ್ರಿ ಕೆಳಗಿನ ಚಳಿಯಲ್ಲಿ ಮನೆಗೆ ಬಂದು "ಅಕ್ಕಾ" ಎಂದು ಕರೆಯುವವನನ್ನು ಬೇಡವೆನ್ನುವುದು ಹೇಗೆ? ಅವನು ಮಾರಿದ ಮ್ಯೂಚುಯಲ್ ಫಂಡುಗಳ ನಿರ್ವಹಣೆಯ ಖರ್ಚು ವರ್ಷಕ್ಕೆ ನೂರಕ್ಕೆ ಎರಡೂವರೆ. ನಮಗೆ ಲಾಭ ಬಂದ ವರ್ಷವೂ ಅಷ್ಟೇ, ನಷ್ಟವಾದ ವರ್ಷವೂ ಅಷ್ಟೇ. ಎರಡೂವರೆ ಎಂದರೆ ಏನು ಮಹಾ ಎಂದು ನಾನು ಎಣಿಸಿದ್ದೆನು. ಒಂದು ಲಕ್ಷ ಡಾಲರು ವರ್ಷಕ್ಕೆ ನೂರಕ್ಕೆ 6ರಂತೆ ಚಕ್ರಬಡ್ಡಿಯಲ್ಲಿ ಬೆಳೆದರೆ ಇಪ್ಪತ್ತು ವರ್ಷಕ್ಕೆ ಮೂರು ಲಕ್ಷ ಇಪ್ಪತ್ತು ಸಾವಿರವಾಗುತ್ತದೆ. ಎರಡೂವರೆ ಕಳೆದು ಮೂರೂವರೆಯಂತೆ ಬೆಳೆದರೆ ಎರಡು ಲಕ್ಷವೂ ಆಗುವುದಿಲ್ಲ. ನಮ್ಮ ಗಂಟು ಲಕ್ಷದ್ದಾಗಿರಲಿಲ್ಲ. ಆದರೆ ಇಲಿಗೆ ಮೂಟೆ ದೊಡ್ಡದೋ ಚಿಕ್ಕದೋ ಒಂದೇ. ಬಿಟ್ಟುಬಿಡೋಣವೆಂದರೆ, ಆರೇಳು ವರ್ಷದೊಳಗೆ ಹೊರಬಂದರೆ ದಂಡವೆಂದು ಸಣ್ಣಕ್ಷರದಲ್ಲಿ ಬರೆದಿದ್ದಿತು. ಇಂಥ ದಂಡದ ಮಾರಾಟವನ್ನು 2022ರ ಜೂನ್ 1ರಿಂದ ಇಲ್ಲಿ ನಿಷೇಧಿಸಿದ್ದಾರೆ. ನನಗೆ ಅರವತ್ತೈದು ತುಂಬಿದ್ದೂ ಅದೇ ತಿಂಗಳು.

ಅದಕ್ಕಿಂತ ದೊಡ್ಡ ತಪ್ಪನ್ನು ನಾನೇ ಮಾಡಿದೆನು. 2008ರ ಜೂನಿನಲ್ಲಿ ಹದಿನೈದು ಸಾವಿರದ ಆಸುಪಾಸಿನಲ್ಲಿದ್ದ ಟೊರಾಂಟೋ ಷೇರುಪೇಟೆಯ ಸೂಚಿ 2009ರ ಮಾರ್ಚಿನ ಮೊದಲಲ್ಲಿ ಏಳೂವರೆ ಸಾವಿರಕ್ಕೆ ಬಂದಿತು. ಆ ಜನವರಿಯಲ್ಲಿಯೇ ನಾರ್ಟೆಲ್ ಕಂಪೆನಿ ದಿವಾಳಿಯ ರಕ್ಷಣೆ ಬೇಡಿದ್ದಿತು. 2000ದಲ್ಲಿ ಟೊರಾಂಟೋ ಸೂಚಿಯ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ತೂಕ ಅದೊಂದೇ ಕಂಪೆನಿಯದಾಗಿತ್ತೆಂದರೆ ವಾಚಕರು ನಂಬಬೇಕು. ಅದರಲ್ಲಿ ದುಡಿದು ನಿವೃತ್ತರಾಗಿದ್ದವರ ಪೆನ್ಷನ್ನಿಗೂ ಕತ್ತರಿ ಬಿದ್ದಿತು. ಕಂಪೆನಿ ಮುಳುಗಿದಾಗ ಪೆನ್ಷನ್ ನಿಧಿಯ ಕೊರತೆಯನ್ನು ಬೇರೆ ಸಾಲಗಾರರಿಗಿಂತ ಮೊದಲು ತುಂಬಿಕೊಡಬೇಕೆಂಬ ಕಾಯಿದೆ ಆದದ್ದು 2023ರಲ್ಲಿ. ಅದು ಪೂರ್ತಿ ಜಾರಿಗೆ ಬಂದದ್ದು 2025ರ ಏಪ್ರಿಲಿನಲ್ಲಿ. ಇರಲಿ. ಆ ಮಾರ್ಚಿನಲ್ಲಿ ಪ್ರತಿದಿನವೂ ಪತ್ರಿಕೆಯನ್ನು ನೋಡಿ ನೋಡಿ ನನ್ನ ನಿದ್ದೆ ಹೋಯಿತು. ಒಂದು ದಿನ ಯಾರನ್ನೂ ಕೇಳದೆ, ದಂಡವನ್ನೂ ಕೊಟ್ಟು, ಎಲ್ಲವನ್ನೂ ಮಾರಿ ಬ್ಯಾಂಕಿನಲ್ಲಿಟ್ಟೆನು. ಪೇಟೆ ಏರತೊಡಗಿದ್ದು ಅದೇ ತಿಂಗಳಿನಿಂದ. ನನ್ನಾಕೆ ಬೈಯಲಿಲ್ಲ. ನೋಟುಪುಸ್ತಕದಲ್ಲಿ ಅಂದಿನ ತಾರೀಖು ಹಾಕಿ, ಅಂಕಿಯನ್ನು ಬರೆದು, ಕೆಳಗೆ ಗೆರೆ ಎಳೆದಳು.

ನನ್ನಂಥವರು ನಮ್ಮ ಮುಪ್ಪನ್ನು ನಾವೇ ಹೂಡಿ ಬೆಳೆಸಿಕೊಳ್ಳುತ್ತೇವೆಂದು ಹೊರಟರೆ ಏನಾಗುತ್ತದೆಂಬುದನ್ನು ಆ ಗೆರೆ ಹೇಳುತ್ತದೆ. ಆದುದರಿಂದಲೇ ಈ ದೇಶದವರು ಮೇಲಿನ ಅಂತಸ್ತನ್ನು ಅವರವರಿಗೆ ಬಿಟ್ಟು ಕೆಳಗಿನ ಎರಡಕ್ಕಾಗಿ ಜಗಳಾಡುತ್ತಾರೆ. ಅವರ ಜಗಳಗಳು ನನಗೆ ಇಷ್ಟ. 1985ರಲ್ಲಿ ಮಲ್ರೋನಿಯ ಸರಕಾರ, ಬೆಲೆ ಏರಿದಂತೆ ವೃದ್ಧಾಪ್ಯ ವೇತನವೂ ಏರುವ ಪದ್ಧತಿಯನ್ನು ಮೊಟಕುಮಾಡಹೊರಟಿತು. ನೂರಕ್ಕೆ ಮೂರರವರೆಗಿನ ಏರಿಕೆಯನ್ನು ಮುದುಕರೇ ನುಂಗಿಕೊಳ್ಳಬೇಕೆಂದಿತು. ಜೂನ್ ತಿಂಗಳಲ್ಲಿ ಒಟಾವಾದ ಪಾರ್ಲಿಮೆಂಟಿನ ಮುಂದೆ ಸೊಲಾಂಜ್ ಡೆನಿ ಎಂಬ ಅರವತ್ತಮೂರು ವರ್ಷದ ಹೆಂಗಸು ಪ್ರಧಾನಿಯನ್ನು ಎದುರಿಗೇ ನಿಲ್ಲಿಸಿ, ಸುಳ್ಳು ಹೇಳಿ ನಮ್ಮ ಓಟು ಪಡೆದೆಯಲ್ಲ ಎಂದು ಗದರಿದಳು. ದೇಶವೆಲ್ಲ ಅದನ್ನು ಟೆಲಿವಿಷನ್ನಿನಲ್ಲಿ ನೋಡಿತು. ಕೆಲವೇ ದಿನಗಳಲ್ಲಿ ಸರಕಾರ ಹಿಂದೆಗೆಯಿತು. ನಮ್ಮ ತಾಯಿ ಇದ್ದಷ್ಟು ಕಾಲವೂ ತಾನು ಬದುಕಿದ್ದೇನೆಂದು ವರ್ಷಕ್ಕೊಮ್ಮೆ ರುಜು ಹಾಕಿ ಕೈಮುಗಿದು ಬರುತ್ತಿದ್ದಳು. ಆಕೆಗೆ ಈ ಕಥೆ ಹೇಳಿದ್ದರೆ ಆ ಹೆಂಗಸಿನ ಧೈರ್ಯಕ್ಕಿಂತ ಪ್ರಧಾನಿಯ ತಾಳ್ಮೆಗೇ ಆಶ್ಚರ್ಯಪಡುತ್ತಿದ್ದಳೇನೋ.

ನಾವು ಬಂದ 1996ರಲ್ಲಿ ನಡೆಯುತ್ತಿದ್ದ ಜಗಳ ಇನ್ನೊಂದು ಬಗೆಯದು. ಕೆನಡಾ ಪೆನ್ಷನ್ ಪ್ಲಾನಿನ ನಿಧಿ 2015ರ ಹೊತ್ತಿಗೆ ಬರಿದಾಗುವುದೆಂದು ಹಿಂದಿನ ವರ್ಷ ಸರಕಾರದ ಗಣಕರೇ ವರದಿ ಮಾಡಿದ್ದರು. 1966ರಲ್ಲಿ ಆರಂಭವಾದಾಗ ಸಂಬಳದ ನೂರಕ್ಕೆ 3.6 ಇದ್ದ ವಂತಿಗೆ ಆಗ 5.6ಕ್ಕೆ ಬಂದಿದ್ದಿತು. 1997ರ ಸುಧಾರಣೆಯಲ್ಲಿ ಅದನ್ನು 2003ರೊಳಗೆ 9.9ಕ್ಕೆ ಏರಿಸುವುದೆಂದೂ, ಉಳಿದ ಹಣವನ್ನು ಬೇರೊಂದು ಮಂಡಳಿ ಹೂಡಬೇಕೆಂದೂ ಗೊತ್ತುಮಾಡಿದರು. ಹೊಸದಾಗಿ ಬಂದ ನನ್ನ ಸಂಬಳದ ಚೀಟಿಯಲ್ಲಿ ವರ್ಷವರ್ಷವೂ ಆ ಅಂಕಿ ಏರುವುದನ್ನು ಕಂಡು ನಾನು ಗೊಣಗಿದ್ದುಂಟು. ಈಗ ಆ ಮಂಡಳಿಯ ಕೈಯಲ್ಲಿ, 2025ರ ಮಾರ್ಚ್ ಕೊನೆಯ ಲೆಕ್ಕದಂತೆ, 71,400 ಕೋಟಿ ಡಾಲರಿಗೆ ಮಿಕ್ಕಿ ಇದೆ. ಮುಂಬಯಿಯಲ್ಲಿಯೂ ಅದರ ಕಛೇರಿಯುಂಟು. 2018ರಲ್ಲಿ ಭಾರತದ ಸುಂಕದ ಹೆದ್ದಾರಿಗಳಲ್ಲಿಯೂ ಅದು ಹಣ ಹೂಡಿತು. ಊರಿಗೆ ಬಂದಾಗ ಸುಂಕದ ಕಟ್ಟೆಯಲ್ಲಿ ಕಾರು ನಿಂತರೆ, ಇದರಲ್ಲಿ ನನಗೂ ಒಂದು ಕಾಸು ಬರುತ್ತದೆಯೋ ಏನೋ ಎಂದುಕೊಳ್ಳುತ್ತೇನೆ. ಕರ್ನಾಟಕದಲ್ಲಿ 2006ರ ಏಪ್ರಿಲ್ ನಂತರ ಸರಕಾರಿ ಕೆಲಸಕ್ಕೆ ಸೇರಿದವರಿಗೆ ಹಳೆಯ ಪೆನ್ಷನ್ ತಪ್ಪಿ ವಂತಿಗೆಯ ಪೆನ್ಷನ್ ಬಂದಿರುವುದರಿಂದ, ನಿಧಿ, ಹೂಡಿಕೆ ಎಂಬ ಮಾತುಗಳು ವಾಚಕರ ಮನೆಗಳಲ್ಲಿಯೂ ಈಗ ಹೊಸವಲ್ಲ.

ಮೂರನೆಯ ಜಗಳ ನಮ್ಮ ಮನೆಯ ಒಳಕ್ಕೇ ಬಂದಿತು. 2012ರ ಜನವರಿಯಲ್ಲಿ ಪ್ರಧಾನಿ ಹಾರ್ಪರ್ ಸ್ವಿಟ್ಜರ್ಲೆಂಡಿನ ದಾವೋಸಿನಲ್ಲಿ ಮಾಡಿದ ಭಾಷಣದಲ್ಲಿ ಪೆನ್ಷನ್ ಬದಲಾವಣೆಯ ಸೂಚನೆ ಕೊಟ್ಟನು. ತರುವಾಯ ವೃದ್ಧಾಪ್ಯ ವೇತನದ ವಯಸ್ಸನ್ನು 2023ರಿಂದ ಮೆಲ್ಲಮೆಲ್ಲನೆ ಅರವತ್ತೇಳಕ್ಕೆ ಏರಿಸುವುದೆಂದು ಕಾಯಿದೆಯಾಯಿತು. 1958ರ ಮಾರ್ಚ್ ಕೊನೆಯೊಳಗೆ ಹುಟ್ಟಿದವರಿಗೆ ಬಾಧೆಯಿಲ್ಲ. ನಾನು ಹುಟ್ಟಿದ್ದು 1957ರಲ್ಲಿ, ನನ್ನಾಕೆ 1960ರ ಮಾರ್ಚಿನಲ್ಲಿ. "ಗಂಡ ಈ ದಡ, ಹೆಂಡತಿ ಆ ದಡ, ನಡುವೆ ಹೊಳೆ" ಎಂದು ಆಕೆ ನಕ್ಕಳು. ಆದರೆ ಆ ವಾರ ಪುಸ್ತಕಭಂಡಾರದಲ್ಲಿ ಇನ್ನೊಂದು ದಿನದ ಕೆಲಸ ಸಿಗುವುದೇ ಎಂದು ಕೇಳಿಬಂದಳೆಂಬುದು ನನಗೆ ಬಹಳ ದಿನಗಳ ಮೇಲೆ ತಿಳಿಯಿತು. 2016ರಲ್ಲಿ ಹೊಸ ಸರಕಾರ ಬಂದು ಆ ಏರಿಕೆಯನ್ನು ರದ್ದುಮಾಡಿತು. ಇನ್ನೊಂದು ದಿನದ ಕೆಲಸವನ್ನು ಆಕೆ ಬಿಡಲಿಲ್ಲ.

ಕಳೆದ 2025ರ ಮಾರ್ಚಿನಲ್ಲಿ ಆಕೆಗೆ ಅರವತ್ತೈದು ತುಂಬಿತು. ಆಕೆಯ ಭಾಗ ನಲವತ್ತರಲ್ಲಿ ಇಪ್ಪತ್ತೆಂಟು. ನಾನು ಬುದ್ಧಿವಂತನಾಗಿದ್ದೆನು, "ಆಗಸ್ಟಿನವರೆಗೆ ತಡೆ, ಇಪ್ಪತ್ತೊಂಬತ್ತಾಗುತ್ತದೆ" ಎಂದೆನು. ಆಕೆ ನೋಟುಪುಸ್ತಕವನ್ನು ನನ್ನ ಮುಂದೆ ತಿರುಗಿಸಿದಳು. 2013ರ ಜುಲೈಯಿಂದ ಈ ವೇತನವನ್ನೂ ಎಪ್ಪತ್ತರವರೆಗೆ ಮುಂದೂಡಲು ಅವಕಾಶವಿದೆ. ತಡಮಾಡಿದ ತಿಂಗಳಿಗೆ ನೂರಕ್ಕೆ 0.6ರಂತೆ ಏರುತ್ತ ಐದು ವರ್ಷಕ್ಕೆ 36. ವರ್ಷಗಳ ಏರಿಕೆಯೋ ಈ ಏರಿಕೆಯೋ, ಯಾವುದಾದರೂ ಒಂದು. ಎಪ್ಪತ್ತಕ್ಕೆ ವರ್ಷಗಳನ್ನು ಲೆಕ್ಕ ಹಿಡಿದರೆ ಆಕೆಗೆ ಮೂವತ್ತಮೂರು ಭಾಗ. ಇಪ್ಪತ್ತೆಂಟರ ಮೇಲೆ ನೂರಕ್ಕೆ 36 ಏರಿಸಿದರೆ ಮೂವತ್ತೆಂಟಕ್ಕೆ ಸ್ವಲ್ಪ ಮೇಲೆ. ಮೂವತ್ತಾರನೆಯ ವಯಸ್ಸಿನಲ್ಲಿ ಬಂದವಳು ಇಲ್ಲಿಯೇ ಹುಟ್ಟಿದವಳ ಹತ್ತಿರಹತ್ತಿರಕ್ಕೆ ಹೋಗಿ ನಿಲ್ಲುವ ದಾರಿ ಅದೊಂದೇ.

"ಐದು ವರ್ಷ ಬಿಟ್ಟ ಹಣ ಹಿಂದಿರುಗಬೇಕಾದರೆ ನಿನಗೆ ಎಂಬತ್ತನಾಲ್ಕಾಗಬೇಕು" ಎಂದೆನು. ಈ ಬಾರಿ ಲೆಕ್ಕವನ್ನು ನಾನೇ ಮಾಡಿದ್ದೆನು.

"ನಮ್ಮಮ್ಮ ತೊಂಬತ್ತೊಂದರವರೆಗೆ ಇದ್ದರು. ನೀವು ನಿಮ್ಮ ತಂದೆಯ ಆಯುಸ್ಸನ್ನು ಹಿಡಿದು ಲೆಕ್ಕ ಹಾಕಿದಿರಿ. ನಾನು ನಮ್ಮಮ್ಮನದನ್ನು ಹಿಡಿದಿದ್ದೇನೆ."

ಸ್ವಲ್ಪ ಹೊತ್ತಿನ ಮೇಲೆ, ಅಂಕಿಗಳ ಮೇಲೆಯೇ ಕಣ್ಣಿಟ್ಟು, "ನೀವಿಲ್ಲದ ಮೇಲೆ ಏನು ಬರುತ್ತದೆಂದು ಯಾವತ್ತಾದರೂ ಬರೆದು ನೋಡಿದ್ದೀರಾ?" ಎಂದಳು.

ನೋಡಿರಲಿಲ್ಲ. ಅಷ್ಟು ವರ್ಷವೂ ನಾನು ಹಾಕಿದ ಲೆಕ್ಕವೆಲ್ಲ ನಾನು ಸಾಯುವ ದಿನಕ್ಕೆ ಮುಗಿಯುತ್ತಿದ್ದಿತು. ಆಕೆಯ ಲೆಕ್ಕ ಅಲ್ಲಿಂದ ಮೊದಲಾಗುತ್ತದೆ. ನನ್ನ ವೃದ್ಧಾಪ್ಯ ವೇತನ ನನ್ನೊಡನೆಯೇ ನಿಂತುಹೋಗುತ್ತದೆ. ಕೆನಡಾ ಪೆನ್ಷನ್ನಿನಲ್ಲಿ ಅರವತ್ತೈದು ದಾಟಿದ ವಿಧವೆಗೆ ಹೆಚ್ಚೆಂದರೆ ಗಂಡನ ಪೆನ್ಷನ್ನಿನ ನೂರಕ್ಕೆ 60. ಆಕೆಯದೇ ಪೆನ್ಷನ್ ಇದ್ದರೆ ಎರಡೂ ಸೇರಿ ಒಂದು ಮಿತಿ ಮೀರುವಂತಿಲ್ಲ. ಮನೆಯ ತೆರಿಗೆ, ಚಳಿಗಾಲದ ಶಾಖದ ಖರ್ಚು ಮಾತ್ರ ಒಬ್ಬರಿದ್ದರೂ ಇಬ್ಬರಿದ್ದರೂ ಒಂದೇ. ಇವೆಲ್ಲವೂ ಆ ನೋಟುಪುಸ್ತಕದಲ್ಲಿ ಬೇರೊಂದು ಹಾಳೆಯಲ್ಲಿದ್ದವು. ಹಾಳೆಯ ತಲೆಯಲ್ಲಿ ಹೆಸರೇನೂ ಇರಲಿಲ್ಲ. ಶಾಯಿ ಹಳತಾಗಿದ್ದಿತು. ಯಾವಾಗ ಬರೆದದ್ದೆಂದು ಕೇಳಿದೆನು.

"ನೀವು ಅರವತ್ತಕ್ಕೆ ರುಜು ಹಾಕಿ ಬಂದ ರಾತ್ರಿ."

ಹೀಗೆ ನಮ್ಮ ಮನೆಯಲ್ಲಿ ಈಗ ಎರಡು ಪದ್ಧತಿಗಳು ನಡೆದಿವೆ. ನಾನು ತಿಂಗಳ ಕೊನೆಯಲ್ಲಿ ನನ್ನ ಇಪ್ಪತ್ತೈದು ಭಾಗವನ್ನು ತರುತ್ತೇನೆ. ಆಕೆ ಉಳಿತಾಯದ ಪೆಟ್ಟಿಗೆಯಿಂದ, ನನ್ನ ಕೈಗೆ ಸಿಕ್ಕಿ ಉಳಿದದ್ದರಿಂದ, ಸ್ವಲ್ಪಸ್ವಲ್ಪವಾಗಿ ತೆಗೆದು ಕೊರತೆಯನ್ನು ತುಂಬುತ್ತಾಳೆ. ಅದೀಗ ಬಹಳ ಕಡಿಮೆ ಖರ್ಚಿನ, ಇಡೀ ಪೇಟೆಯನ್ನೇ ಕೊಳ್ಳುವ ಫಂಡಿನಲ್ಲಿದೆ, ಸಲಹೆಗಾರನಿಲ್ಲ. ಮಗಳು ಟೊರಾಂಟೋದಿಂದ ಮಾತನಾಡುವಾಗ, "ಅಮ್ಮ, ಬರುವ ಹಣವನ್ನು ಏಕೆ ಬಿಡುತ್ತೀ, ಈಗಲೇ ತೆಗೆದುಕೊಂಡು ಊರಿಗೆ ಹೋಗಿಬನ್ನಿ" ಎನ್ನುತ್ತಾಳೆ. ಆ ಮಾತಿನಲ್ಲಿಯೂ ತಿರುಳಿದೆ; ಎಪ್ಪತ್ತಕ್ಕೆ ದೊಡ್ಡ ವೇತನ ಬಂದಾಗ ಕೂಡಲಿಯ ಮೆಟ್ಟಿಲು ಇಳಿಯಲು ಮೊಣಕಾಲು ಒಪ್ಪುವುದೋ ಇಲ್ಲವೋ. ಇದಕ್ಕೆ ಆಕೆ ಉತ್ತರ ಕೊಟ್ಟದ್ದನ್ನು ನಾನು ಕೇಳಿಲ್ಲ.

ನಿನ್ನೆ ತಿಂಗಳ ಕೊನೆ. ಊಟವಾದ ಮೇಲೆ ಆಕೆ ನೋಟುಪುಸ್ತಕ ತೆಗೆದು ಜಮೆಯ ಕಡೆ ಇಬ್ಬರ ಹೆಸರನ್ನೂ ಬರೆದಳು. ನನ್ನ ಹೆಸರಿನ ಮುಂದೆ ಬಂದ ಹಣವನ್ನು ಸೆಂಟಿನವರೆಗೆ ಹಾಕಿದಳು. ತನ್ನ ಹೆಸರಿನ ಮುಂದೆ ಒಂದು ಸೊನ್ನೆಯನ್ನು, ಮಕ್ಕಳು ರಂಗೋಲಿಯ ಚುಕ್ಕಿಯನ್ನಿಡುವಷ್ಟು ಜಾಗರೂಕತೆಯಿಂದ, ದುಂಡಗೆ ಬರೆದು, ಪುಸ್ತಕವನ್ನು ಮುಚ್ಚಿ, ನಾಳೆಗೆ ಅಕ್ಕಿ ನೆನೆಹಾಕಲು ಒಳಗೆ ಹೋದಳು.